ಸಕ್ಕರೆಗೊಂದು ಫಲಕ, ಮಕ್ಕಳಿಗೊಂದು ಉಪದೇಶ

ಮಕ್ಕಳಿಗೆ ದಿನವೂ ಊಟದ ಮೇಲೆ ಸಿಹಿ ಕೊಡಬಹುದೇ ಎಂದು ತಲೆಕೆಡಿಸಿಕೊಂಡಿದ್ದ ತಾಯಂದಿರು ಇನ್ನು ನಿಶ್ಚಿಂತರಾಗಬಹುದು, ಏಕೆಂದರೆ ಆ ಹೊಣೆಯನ್ನು ಗೋಡೆಗೆ ವಹಿಸಲಾಗಿದೆ. 2025ರ ಮೇ ತಿಂಗಳಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳಿಗೆಲ್ಲ ‘ಶುಗರ್ ಬೋರ್ಡ್’, ಅಂದರೆ ಸಕ್ಕರೆ ಎಷ್ಟು ತಿಂದರೆ ಸಾಕೆಂದು ಮಕ್ಕಳಿಗೆ ತಿಳಿಸುವ ಫಲಕ, ಹಾಕಲು ಆಜ್ಞಾಪಿಸಿತಷ್ಟೆ. ನಾಲ್ಕರಿಂದ ಹತ್ತು ವರ್ಷದ ಮಕ್ಕಳ ದಿನದ ಕ್ಯಾಲರಿಯಲ್ಲಿ ಶೇ 13ರಷ್ಟು ಸಕ್ಕರೆಯಿಂದ ಬರುತ್ತಿದೆ, ಇರಬೇಕಾದದ್ದು ಶೇ 5 ಎಂಬುದು ಅದರ ಕಳವಳ. ಕಳವಳ ನ್ಯಾಯವಾದದ್ದೇ. ಆದರೆ ಶೇಕಡಾವಾರು ಲೆಕ್ಕವನ್ನೇ ಇನ್ನೂ ಕಲಿಯದ ನಾಲ್ಕು ವರ್ಷದ ಮಗು, ಸಹಪಾಠಿಯ ಹುಟ್ಟುಹಬ್ಬದ ಚಾಕೊಲೇಟನ್ನು ಚೀಪುತ್ತಾ ಆ ಫಲಕದ ಮುಂದೆ ನಿಂತು ಆತ್ಮಾವಲೋಕನ ಮಾಡಿಕೊಳ್ಳುತ್ತದೆ ಎಂದು ನಂಬಿದ ಅಧಿಕಾರಿಯ ಆಶಾವಾದಕ್ಕೆ ಕೈಮುಗಿಯಬೇಕು.

ನಮ್ಮ ಚಿಕ್ಕಿಯ ಪಾಡನ್ನೂ ಇಲ್ಲಿ ನೆನೆಯಬೇಕು. ಮೊಟ್ಟೆ ತಿನ್ನದ ಸರ್ಕಾರಿ ಶಾಲೆಯ ಮಕ್ಕಳಿಗೆ ಪೌಷ್ಟಿಕಾಂಶವೆಂದು ಕೊಡುತ್ತಿದ್ದ ಕಡಲೆಕಾಯಿ ಚಿಕ್ಕಿ, ಅದೇ ವರ್ಷ ಕೊಬ್ಬು ಮತ್ತು ಸಕ್ಕರೆಯ ಆರೋಪ ಹೊತ್ತು ಪಟ್ಟಿಯಿಂದ ಹೊರಬಿತ್ತು. ಪಾಪ, ಅದಕ್ಕೆ ವಕೀಲರೂ ಇರಲಿಲ್ಲ, ಜಾಹೀರಾತಿನಲ್ಲಿ ಬ್ಯಾಟು ಬೀಸುವ ಆಟಗಾರರೂ ಇರಲಿಲ್ಲ. ಮೈಸೂರುಪಾಕು, ಹೋಳಿಗೆಗಳದ್ದೂ ಇದೇ ಕಥೆ: ತಾವು ಸಿಹಿಯೆಂದು ಮೊದಲೇ ಒಪ್ಪಿಕೊಂಡುಬಿಡುವುದರಿಂದ ಅವೇ ಸುಲಭದ ಅಪರಾಧಿಗಳು.

ಮಗುವಿನ ಸಿಹಿ ಊಟದ ಕೊನೆಗೆ ಬರುವುದಾಗಿದ್ದರೆ ಯಾವ ತಾಯಿಯಾದರೂ ತಡೆದಾಳು. ಅದು ಬೆಳಿಗ್ಗೆ ಹಾಲಿನ ಲೋಟಕ್ಕೆ ಬೀಳುವ ಕಂದು ಪುಡಿಯಲ್ಲಿ ಬರುತ್ತದೆ, ಬ್ರೆಡ್ಡಿನ ಮೇಲಿನ ಜಾಮಿನಲ್ಲಿ ಬರುತ್ತದೆ, ಖಾರದ ತಿಂಡಿಗೆ ನೆಂಚಿಕೊಳ್ಳುವ ಕೆಚಪ್ಪಿನಲ್ಲಿಯೂ ಬರುತ್ತದೆ. ಆ ಪುಡಿಗಳನ್ನು ‘ಆರೋಗ್ಯ ಪೇಯ’ದ ವಿಭಾಗದಲ್ಲಿಟ್ಟು ಮಾರಬೇಡಿ ಎಂದು ಆನ್‌ಲೈನ್ ಅಂಗಡಿಗಳಿಗೆ ಹೇಳಲು ಕೇಂದ್ರ ವಾಣಿಜ್ಯ ಸಚಿವಾಲಯಕ್ಕೆ 2024ರವರೆಗೆ ಸಮಯ ಬೇಕಾಯಿತು. ಅಷ್ಟರಲ್ಲಿ ಎರಡು ತಲೆಮಾರು ಅದನ್ನು ಕುಡಿದು ಎತ್ತರವಾಗಲು ಕಾದು ಕುಳಿತಿತ್ತು. ಡಬ್ಬಿಯ ಹಿಂಬದಿಯನ್ನು ಓದಿ ನೋಡಿ: ಸಕ್ಕರೆ, ದ್ರವ ಗ್ಲೂಕೋಸ್, ಮಾಲ್ಟೋಡೆಕ್ಸ್ಟ್ರಿನ್ ಎಂದು ಒಂದೇ ಮನೆತನದವರು ಬೇರೆ ಬೇರೆ ಹೆಸರಿನಲ್ಲಿ ಸಾಲಾಗಿ ನಿಂತಿರುತ್ತಾರೆ, ಅಕ್ಷರಗಳು ಮಾತ್ರ ಸಾಸಿವೆಗಿಂತ ಸಣ್ಣವು.

ಇದನ್ನು ಪೊಟ್ಟಣದ ಮುಂಭಾಗದಲ್ಲಿ, ಓದಲು ಬಾರದವರಿಗೂ ತಿಳಿಯುವ ಎಚ್ಚರಿಕೆಯ ಗುರುತಾಗಿ ಹಾಕಿಸಿದರೆ ಮುಗಿಯಿತು. ಚಿಲಿ ದೇಶ 2016ರಲ್ಲಿಯೇ ಕಪ್ಪು ಮುದ್ರೆ ಒತ್ತಿಸಿದೆ. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಮಾತ್ರ 2022ರಲ್ಲಿ ಎಚ್ಚರಿಕೆಯ ಬದಲು ಪೊಟ್ಟಣಕ್ಕೆ ನಕ್ಷತ್ರಗಳ ಅಂಕ ಕೊಡುವ ಕರಡು ನಿಯಮ ತಂದಿತು. ಸಕ್ಕರೆ ಎಷ್ಟೇ ಇರಲಿ, ಒಂದಿಷ್ಟು ನಾರು, ಒಂದಿಷ್ಟು ಪ್ರೋಟೀನು ಬೆರೆಸಿದರೆ ಅಂಕಗಳು ಸರಿದೂಗುವ ಉದಾರ ಪದ್ಧತಿ ಅದು. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಪೊಟ್ಟಣದ ಮುಂಭಾಗದ ಗುರುತಿನ ಬಗ್ಗೆ ಶಿಫಾರಸು ಸಿದ್ಧಪಡಿಸಲು ಮೂರು ತಿಂಗಳ ಗಡುವು ಕೊಟ್ಟಿತು. ಗಡುವು ಕಳೆಯಿತು, ಗುರುತು ಬರಲಿಲ್ಲ. ಕಂಪನಿಗೆ ಒಂದು ಮುದ್ರೆ ಹಾಕಿಸಲಾಗದ ವ್ಯವಸ್ಥೆ ಒಂದನೇ ತರಗತಿಯ ಮಗುವಿಗೆ ಸಂಯಮ ಬೋಧಿಸುತ್ತಿದೆ. ನಾಚಿಕೆಗೇಡು ಎನ್ನದೆ ಇದಕ್ಕೆ ಬೇರೇನೂ ಹೇಳಲು ನನಗೆ ತೋಚುತ್ತಿಲ್ಲ.