ಅನ್ಯೋನ್ಯತೆಗೆ ಎಲ್ಲರೂ ಬನ್ನಿ

ವಾರ್ಡನ್ ಕರೆಯುತ್ತಿದ್ದಾರೆ ಅಂತ ಮೆಸ್ಸಿನ ಹುಡುಗ ಬಂದು ಹೇಳಿದಾಗ ನಾನು ಎರಡನೇ ರೊಟ್ಟಿ ಮುರಿಯುತ್ತಿದ್ದೆ. 2007ರ ಆಗಸ್ಟು. ಧಾರವಾಡದ ಜಿಟಿಜಿಟಿ ಮಳೆಗೆ ಒಗೆದ ಪ್ಯಾಂಟು ನಾಲ್ಕು ದಿನವಾದರೂ ಒಣಗದ ಕಾಲ. ಅರೆಹಸಿ ಪ್ಯಾಂಟಿನಲ್ಲೇ ಓಡಿದೆ.

ವಾರ್ಡನ್ ಸಾಹೇಬರ ಮೇಜಿನ ಮೇಲೆ ಒಂದು ಹಳದಿ ಹಾಳೆ ಇತ್ತು. ಗುರುತು ಸಿಕ್ಕಿತು, ಯಾಕೆಂದರೆ ಅದನ್ನು ಬರೆದವನು ನಾನೇ. ಕಂಪ್ಯೂಟರಿನ ನುಡಿ ತಂತ್ರಾಂಶದಲ್ಲಿ ಎರಡು ತಾಸು ಕುಟ್ಟಿ, ಝೆರಾಕ್ಸ್ ಅಂಗಡಿಯಲ್ಲಿ ಇಪ್ಪತ್ತು ಪ್ರತಿ ತೆಗೆಸಿ, ಮೆಸ್ಸಿನ ಗೋಡೆಗೆ, ನೀರಿನ ಟಾಕಿಗೆ, ಕೊನೆಗೆ ಲೇಡೀಸ್ ಹಾಸ್ಟೆಲ್ಲಿನ ಗೇಟಿಗೂ ಅಂಟಿಸಿ ಬಂದಿದ್ದೆವು. ಅದರಲ್ಲಿ ಹೀಗಿತ್ತು: "ಯುವಕ ಯುವತಿಯರ ಅನ್ಯೋನ್ಯತೆ. ಪ್ರತಿ ಶುಕ್ರವಾರ ಸಂಜೆ 6ರಿಂದ 8. ಸಪ್ತಾಪುರ. ಎಲ್ಲರೂ ಬನ್ನಿ. ಚಹಾ ವ್ಯವಸ್ಥೆ ಇದೆ."

"ಏನೋ ತಮ್ಮಾ ಇದು?" ಅಂದರು ಸಾಹೇಬರು. "ಹುಡುಗ ಹುಡುಗ್ಯಾರು ಕೂಡಿ ವಾರಾ ವಾರಾ ಎರಡೆರಡ ತಾಸು? ಮ್ಯಾಲೆ ಚಹಾ ಬ್ಯಾರೆ?"

ನನಗೆ ತಪ್ಪೇನೆಂದು ಹೊಳೆಯಲೇ ಇಲ್ಲ. ನಮ್ಮದು ಗದಗ-ಬೆಟಗೇರಿಯ ಹಳೇ ಬಾಸೆಲ್ ಮಿಶನ್ ಮನೆತನ. ಚರ್ಚಿನಲ್ಲಿ ಫೆಲೋಶಿಪ್ಪಿಗೆ 'ಅನ್ಯೋನ್ಯತೆ' ಅಂತಲೇ ಅನ್ನುವುದು. ದೇವರ ಅನ್ಯೋನ್ಯತೆ, ವಿಶ್ವಾಸಿಗಳ ಅನ್ಯೋನ್ಯತೆ, ಹೆಂಗಸರ ಅನ್ಯೋನ್ಯತೆ, ಎಲ್ಲವನ್ನೂ ತೊಟ್ಟಿಲಿನಿಂದ ಕೇಳಿ ಬೆಳೆದವನು ನಾನು. ಚರ್ಚಿನ ಕಾಂಪೌಂಡ್ ದಾಟಿದರೆ ಅದೇ ಪದ ಗಂಡಹೆಂಡತಿಯ ಸೊತ್ತು, ಲಗ್ನದಲ್ಲಿ ಅಕ್ಷತೆ ಹಾಕುವಾಗ ಹಿರಿಯರು 'ಅನ್ಯೋನ್ಯವಾಗಿ ಬಾಳ್ರಿ' ಅನ್ನುವಾಗ ಮಾತ್ರ ಪೆಟ್ಟಿಗೆಯಿಂದ ತೆಗೆಯುವಂಥದ್ದು ಅನ್ನುವುದು ಆ ಕ್ಷಣದವರೆಗೂ ನನ್ನ ತಲೆಗೆ ಬಂದಿರಲಿಲ್ಲ.

"ಸರ್, ಅದು ಫೆಲೋಶಿಪ್ ರೀ," ಅಂದೆ.

"ಫೆಲೋಶಿಪ್ ಅಂದ್ರ ಯುಜಿಸಿಯವರು ಕೊಡೋದು. ತಿಂಗಳಾ ರೊಕ್ಕ ಬರತದ. ನಿಮ್ಮದ್ರಾಗ ಎಷ್ಟ ಬರತದ?"

"ಬರೋದಿಲ್ರೀ ಸರ್. ನಾವೇ ತಿಂಗಳಾ ಇಪ್ಪತ್ತು ರೂಪಾಯಿ ಹಾಕ್ತೀವಿ."

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ಅವರು ಕನ್ನಡ ವಿಭಾಗದವರು. ಗೋಡೆಗೆ ಅಂಟಿಸಿದ್ದನ್ನೆಲ್ಲ ಸಂಜೆಯೊಳಗೆ ಕಿತ್ತು ತಂದು ಲೆಕ್ಕ ಒಪ್ಪಿಸಬೇಕು ಅಂದರು. ಹತ್ತೊಂಬತ್ತು ಸಿಕ್ಕವು. ಇಪ್ಪತ್ತನೆಯದನ್ನು ಲೇಡೀಸ್ ಹಾಸ್ಟೆಲ್ಲಿನವರು ಯಾರೋ ಜೋಪಾನ ಮಾಡಿ ಇಟ್ಟುಕೊಂಡಿದ್ದರು ಅಂತ ಆಮೇಲೆ ತಿಳಿಯಿತು.

ವಿದ್ಯಾರ್ಥಿಗಳ ನಡುವೆ ಕ್ರೈಸ್ತ ಸಂಘಟನೆ ಈ ದೇಶಕ್ಕೆ ಹೊಸದೇನಲ್ಲ. ಸ್ಟೂಡೆಂಟ್ ಕ್ರಿಶ್ಚಿಯನ್ ಮೂವ್‌ಮೆಂಟ್ 1912ರಲ್ಲೇ ಇಲ್ಲಿ ಹುಟ್ಟಿತು, ಯೂನಿಯನ್ ಆಫ್ ಇವ್ಯಾಂಜೆಲಿಕಲ್ ಸ್ಟೂಡೆಂಟ್ಸ್ ಆಫ್ ಇಂಡಿಯಾ (ಯುಇಎಸ್‌ಐ) 1954ರಲ್ಲಿ. ನಮ್ಮ ಗುಂಪಿನ ಹೆಸರು ಮಾತ್ರ ಹೇಳುವುದಿಲ್ಲ, ಮುಂದೆ ಹೇಳಲಿಕ್ಕಿರುವ ಸಂಗತಿಗಳಿಗೆ ಅದು ಕ್ಷೇಮ. ಬ್ಯಾಂಕಿನಲ್ಲಿ ಕ್ಯಾಶಿಯರ್ ಆಗಿದ್ದ ಒಬ್ಬ ಅಂಕಲ್ಲು, ಸಪ್ತಾಪುರದ ಅವರ ಮನೆಯ ಹಾಲ್, ಇಪ್ಪತ್ತು ಚಿಲ್ಲರೆ ಮಂದಿ. ಕೃಷಿ ವಿಶ್ವವಿದ್ಯಾಲಯಕ್ಕೆ ಓದಲು ಬಂದ ನಾಗಾಲ್ಯಾಂಡ್, ಮಿಜೋರಾಂ ಹುಡುಗರು, ನರ್ಸಿಂಗ್ ಓದುವ ಮಲಯಾಳಿ ಸಿಸ್ಟರ್‌ಗಳು, ಇಬ್ಬರು ತೆಲುಗರು, ಉಳಿದ ಏಳೆಂಟು ಮಂದಿ ನಮ್ಮ ಕಡೆಯವರು. ಇಲ್ಲಿ ಎಲ್ಲರೂ ಬ್ರದರ್, ಸಿಸ್ಟರ್. ಹಾಗಾಗಿ ಯಾರಾದರೂ ಯಾರನ್ನಾದರೂ ಮೆಚ್ಚಿಕೊಂಡರೆ ಮೊದಲು ಆ 'ಸಿಸ್ಟರ್' ಕಳಚಬೇಕಾಗುತ್ತಿತ್ತು. ಅದಕ್ಕೇ ಒಂದು ಸೆಮಿಸ್ಟರ್ ಹಿಡಿಯುತ್ತಿತ್ತು.

ಪ್ರಾರ್ಥನೆ ವಿನಂತಿಗಳ ಹೊತ್ತು ನನಗೆ ಬಹಳ ಇಷ್ಟ. ಊರ ಸುದ್ದಿಯೆಲ್ಲ ಭಕ್ತಿಯ ಸೆರಗು ಹೊದ್ದು ಬರುತ್ತಿತ್ತು. "ನಮ್ಮ ಒಬ್ಬ ಸಹೋದರನಿಗೋಸ್ಕರ ಪ್ರಾರ್ಥಿಸಿರಿ, ಹೆಸರು ಬ್ಯಾಡ, ರೂಮ್ ನಂಬರ್ 43" ಅಂತ ಒಬ್ಬ ಗಂಭೀರವಾಗಿ ಹೇಳಿದ್ದುಂಟು. 43ನೇ ರೂಮಿನವನು ಅಲ್ಲೇ ಗೋಡೆಗೊರಗಿ ಕೂತು, ತನಗೇನಾಗಿದೆಯೋ ಅಂತ ಗಾಬರಿಯಿಂದ ಸುತ್ತ ನೋಡುತ್ತಿದ್ದ. ಉಳಿದಂತೆ ಬ್ಯಾಕ್‌ಲಾಗುಗಳು. ಫೆಬ್ರವರಿಯ ಮೂರನೇ ಭಾನುವಾರ ಜಗತ್ತಿನ ಎಲ್ಲ ವಿದ್ಯಾರ್ಥಿಗಳಿಗಾಗಿ ಪ್ರಾರ್ಥಿಸುವ ರೂಢಿ 1898ರಿಂದ ಇದೆ. ನಮ್ಮ ಇಂಟರ್ನಲ್ಸ್ ಅಂಕ ನೋಡಿದ್ದರೆ ಅವರು ಮೊದಲ ಮೂರು ಭಾನುವಾರವನ್ನೂ ನಮಗೇ ಬಿಟ್ಟುಕೊಡುತ್ತಿದ್ದರು.

ಕಡೆಯ ಪ್ರಾರ್ಥನೆ ಅಂಕಲ್‌ದು. ಆ ಹಾಲ್‌ನಿಂದ ಶುರುವಾಗಿ ಸಪ್ತಾಪುರ, ಧಾರವಾಡ, ಹುಬ್ಬಳ್ಳಿ, ಬೆಂಗಳೂರು, ದಿಲ್ಲಿಯಲ್ಲಿ ಆಳುವವರು, ಗಡಿ ಕಾಯುವವರು, ಅಲ್ಲಿಂದ ಸಮುದ್ರ ದಾಟಿ ಎಲ್ಲ ದೇಶಗಳು. ಅಷ್ಟರಲ್ಲಿ ಆಂಟಿ ಕರಿದಿಟ್ಟ ಮಿರ್ಚಿ ಭಜಿ ತಣ್ಣಗಾಗಿ ಎಣ್ಣೆ ಬಿಡುತ್ತಿತ್ತು. ಇದನ್ನು ಸಹಿಸದವನು ನನ್ನ ರೂಮ್‌ಮೇಟು. ರಾಣೆಬೆನ್ನೂರು ಕಡೆಯವನು, ಬೀರದೇವರ ಒಕ್ಕಲು. ನಮ್ಮಲ್ಲಿಗೆ ಬರುತ್ತಿದ್ದದ್ದು ಮಿರ್ಚಿಗೆ, ಅದನ್ನು ಅವನು ಯಾರ ಮುಂದೂ ಮುಚ್ಚಿಟ್ಟವನಲ್ಲ. ಎಲ್ಲರೂ ಕಣ್ಣು ಮುಚ್ಚಿದಾಗ ಅವನೊಬ್ಬ ಕಣ್ಣು ಬಿಟ್ಟುಕೊಂಡು ತಾಟು ಕಾಯುತ್ತ, ನನ್ನ ಕಿವಿಯಲ್ಲಿ ಕಾಮೆಂಟರಿ ಕೊಡುತ್ತಿದ್ದ: "ದಿಲ್ಲಿ ದಾಟಿದ್ರು. ಇನ್ನ ಎರಡ ನಿಮಿಷ."

ಒಂದು ಶುಕ್ರವಾರ ಇಪ್ಪತ್ತಮೂರನೇ ಕೀರ್ತನೆ ಓದುವ ಪಾಳಿ ನನ್ನದು. ನಮ್ಮ ಹಳೇ ಸತ್ಯವೇದದಲ್ಲಿ ಅದು "ಯೆಹೋವನು ನನಗೆ ಕುರುಬನು; ಕೊರತೆಪಡೆನು" ಅಂತ ಇದೆ. ರೂಮ್‌ಮೇಟು ಗೋಡೆಗೊರಗಿದವನು ನೆಟ್ಟಗೆ ಕೂತ. ರಾತ್ರಿ ದೀಪ ಆರಿಸಿದ ಮೇಲೆ ಕೇಳಿದ, "ಖರೇನ ಹಂಗ ಬರದೈತೇನು?" ಪುಸ್ತಕ ತೆಗೆದು ತೋರಿಸಿದೆ. ಬ್ಯಾಟರಿ ಬೆಳಕಿನಲ್ಲಿ ಎರಡು ಸಲ ಓದಿದ. "ಅಂದ್ರ ನಮ್ಮಂದೀನ ಅಂದಂಗಾತು. ಮೊದಲ ಹೇಳೂದಲ್ಲೇನು? ಇಷ್ಟ ದಿನ ಪರರ ಮನ್ಯಾಗ ಉಂಡಂಗ ನಾಚಿಕೋತ ತಿಂದೆ." ಮುಂದಿನ ವಾರದಿಂದ ಅವನು ಆರು ಮಿರ್ಚಿ ತಿನ್ನತೊಡಗಿದ.

ಬೆಟಗೇರಿಯವನು, ಕನ್ನಡ ಚಲೋ ಇದೆ ಅನ್ನುವ ಒಂದೇ ಕಾರಣಕ್ಕೆ ನನ್ನನ್ನು ಭಾಷಾಂತರಕ್ಕೆ ನಿಲ್ಲಿಸುತ್ತಿದ್ದರು. ಅಕ್ಟೋಬರಿನಲ್ಲಿ ಬೆಂಗಳೂರಿನಿಂದ ಒಬ್ಬರು ಸಂದೇಶ ಕೊಡಲು ಬಂದರು. ಇಂಗ್ಲಿಷಿನಲ್ಲಿ ಗಾಡಿ ಬಿಟ್ಟ ಹಾಗೆ ಮಾತಾಡುವವರು. ವಾಕ್ಯ ಮುಗಿದು ನಾನು ಬಾಯಿ ತೆರೆಯುವಷ್ಟರಲ್ಲಿ ಅವರದು ಮುಂದಿನ ಸ್ಟೇಷನ್ನು. ಅವರು ಎದೆ ಮುಟ್ಟಿಕೊಂಡು, ಈ ಕ್ಯಾಂಪಸ್ಸಿನ ಬಗ್ಗೆ ನನಗೆ ದೊಡ್ಡ 'ಬರ್ಡನ್' ಇದೆ ಅಂದರು. ಚರ್ಚಿನಲ್ಲಿ ಇದಕ್ಕೆ 'ಆತ್ಮಭಾರ' ಅನ್ನುವ ಚಂದದ ಪದವಿದೆ. ಬೇಕಾದಾಗ ಅದು ಬಂದರೆ ತಾನೇ. ನನ್ನ ಬಾಯಿಂದ ಬಂದದ್ದು, "ಈ ಕ್ಯಾಂಪಸ್ಸು ಅವರಿಗೆ ದೊಡ್ಡ ಹೊರೆ ಆಗೇತಂತ."

ಅವರು ಅದಕ್ಕೋಸ್ಕರ ರಾತ್ರಿ ನಿದ್ದೆಯಿಲ್ಲ ಅಂದರು. "ಇದರ ದೆಸೆಯಿಂದ ರಾತ್ರಿ ನಿದ್ದಿ ಇಲ್ಲಂತ."

ಮುಂದಿನ ಸಾಲಿನ ಅಕ್ಕನೊಬ್ಬಳು ಪಾಪ ಅನ್ನುವ ಹಾಗೆ ಲೊಚಗುಟ್ಟಿದಳು. ಅಷ್ಟರಲ್ಲಿ ಅವರು ಎರಡೂ ಕೈ ಮೇಲೆತ್ತಿ, ಈ ಕ್ಯಾಂಪಸ್ಸನ್ನು ಹೊತ್ತಿಸಬೇಕು ಅಂತ ಕೂಗಿದರು. ಅವರ ಇಂಗ್ಲಿಷಿನಲ್ಲಿ ಅದು ಉತ್ಸಾಹದ ಮಾತು. ಅವರ ಕೈ ಎತ್ತಿದ ಎತ್ತರಕ್ಕೆ ನಾನೂ ಕೈ ಎತ್ತಿ, ಅವರ ಗಂಟಲಿಗೆ ಸರಿಸಮ ಗಂಟಲು ಮಾಡಿ ಅಬ್ಬರಿಸಿದೆ: "ಈ ಕ್ಯಾಂಪಸ್ಸಿಗೆ ಬೆಂಕಿ ಹಚ್ಚಬೇಕು!"

ಕಿಟಕಿ ತೆರೆದಿತ್ತು. ಪಕ್ಕದ ಮನೆಯವರು ವಿಶ್ವವಿದ್ಯಾಲಯದ ಆಫೀಸಿನಲ್ಲೇ ಕೆಲಸದಲ್ಲಿದ್ದವರು, ತೋಟದಲ್ಲಿ ಕರಿಬೇವು ಹರಿಯುತ್ತಿದ್ದರು. ಅಂಕಲ್ಲು ಸದ್ದಿಲ್ಲದೆ ಎದ್ದು ಹೋಗಿ ಕಿಟಕಿ ಹಾಕಿದರು. ಹೊರೆಯಾಗಿದೆ, ನಿದ್ದೆಯಿಲ್ಲ, ಬೆಂಕಿ ಹಚ್ಚಬೇಕು. ಹಿಂದಿನಿಂದ ಕೇಳಿಸಿಕೊಂಡವರಿಗೆ ತರ್ಕದಲ್ಲಿ ಒಂದು ಕೊಂಡಿಯೂ ತಪ್ಪಿರಲಿಲ್ಲ. ಕೂಟ ಮುಗಿದ ಮೇಲೆ ರೂಮ್‌ಮೇಟು ಆ ಸಂದೇಶಕಾರರ ಕೈ ಕುಲುಕಿ, "ನಮಗೂ ಹಂಗ ಅನಸತೈತ್ರಿ, ಅದರಾಗೂ ಪರೀಕ್ಷಾ ವಿಭಾಗ" ಅಂದ. ಅದನ್ನು ಇಂಗ್ಲಿಷಿಗೆ ತರಲು ನಾನು ನಿರಾಕರಿಸಿದೆ.

ಡಿಸೆಂಬರ್ ಬಂತು, ಕ್ಯಾರಲ್ ರೌಂಡ್ಸ್ ಬಂದವು. ರಾತ್ರಿ ಎಂಟಕ್ಕೆ ಹೊರಟು ಕ್ರೈಸ್ತರ ಮನೆಮನೆಗೆ ಹೋಗಿ ಹಾಡುವುದು. ಮಿಜೋ ಹುಡುಗರು ಸೊಪ್ರಾನೊ, ಆಲ್ಟೊ, ಟೆನರ್, ಬಾಸ್ ಅಂತ ನಾಲ್ಕು ಧ್ವನಿಯಲ್ಲಿ ಹಾಡುತ್ತಿದ್ದರು. ನಾವು ಕನ್ನಡದವರು ಅದಕ್ಕೆ ಐದನೆಯದನ್ನು ಸೇರಿಸುತ್ತಿದ್ದೆವು. ಹಾಡಿಗಿಂತ ಹೊಟ್ಟೆಯದೇ ಕಷ್ಟ. ಮೊದಲ ಮನೆಯಲ್ಲಿ ಕರ್ಜಿಕಾಯಿ, ಎರಡನೆಯದರಲ್ಲಿ ಕೇಕು, ಮೂರನೆಯದರಲ್ಲಿ ಗಿರ್ಮಿಟ್ಟು. ಬೇಡ ಅಂದರೆ "ಆ ಮನ್ಯಾಗ ತಿಂದ್ರಿ, ನಮ್ಮನ್ಯಾಗ ಒಲ್ಲೆ ಅಂತೀರಿ" ಅನ್ನುತ್ತಾರೆ. ಆರನೆಯ ಮನೆ ಹೊತ್ತಿಗೆ ಬಾಸ್ ಹಾಡುವವನ ಬಾಯಿಂದ ಹಾಡಿನ ಬದಲು ತೇಗು ಬರುತ್ತಿತ್ತು. ಶ್ರುತಿ ಮಾತ್ರ ಸರಿಯಿತ್ತು.

ಮನೆ ಹುಡುಕುವುದು ಸುಲಭ, ನಕ್ಷತ್ರ ತೂಗುಬಿಟ್ಟ ಮನೆ ನೋಡಿದರಾಯಿತು. ಹಾಗೆ ಮಂಜಿನಲ್ಲಿ ಮಿನುಗುತ್ತಿದ್ದ ಒಂದು ನಕ್ಷತ್ರದ ಕೆಳಗೆ ನಿಂತು ಗಿಟಾರು ಮೀಟಿ ಪೂರ್ತಿ ಮೂರು ಚರಣ ಹಾಡಿದೆವು. ಬಾಗಿಲು ತೆರೆಯಿತು. ಹಣೆ ತುಂಬ ವಿಭೂತಿ ಧರಿಸಿದ ಅಜ್ಜ, ಮಫ್ಲರು ಸುತ್ತಿಕೊಂಡು ನಿಂತಿದ್ದರು. ನಾನು ತಲೆ ಎತ್ತಿ ನೋಡಿದೆ. ಅದು ಕ್ರಿಸ್ಮಸ್ ನಕ್ಷತ್ರವಲ್ಲ, ಕಾರ್ತಿಕ ಮುಗಿದರೂ ಇಳಿಸದ ದೀಪಾವಳಿಯ ಆಕಾಶಬುಟ್ಟಿ.

ಕ್ಷಮಿಸ್ರಿ ಅಂತ ಹಿಂದೆ ಸರಿಯುವಷ್ಟರಲ್ಲಿ, "ನಿಲ್ರಿ. ಥಂಡ್ಯಾಗ ಹಾಡೀರಿ. ಕನ್ನಡ ಹಾಡು ಬರತಾವೇನು?" ಅಂದರು. ನಮ್ಮ ಅಜ್ಜಿ ಹಾಡುತ್ತಿದ್ದ ಒಂದು ಕೀರ್ತನೆ ಹೇಳಿದೆವು. ಐದನೆಯ ಧ್ವನಿಗೆ ಆ ಒಂದು ಸಲ ಮರ್ಯಾದೆ ಸಿಕ್ಕಿತು, ಮಿಜೋಗಳು ಸುಮ್ಮನೆ ನಿಂತು ಕೇಳಿದರು. ಅಜ್ಜ ನಿವೃತ್ತ ಕನ್ನಡ ಮಾಸ್ತರು. ಒಳಗೆ ಕರೆದು ಚೂಡಾ ಕೊಟ್ಟು, ಕಿಟೆಲ್ ಸಾಹೇಬರ ಕತೆ ತೆಗೆದರು. ಜರ್ಮನಿಯ ಹುಡುಗ, 1853ರಲ್ಲಿ ಇದೇ ಧಾರವಾಡಕ್ಕೆ ಬಂದಾಗ ಇಪ್ಪತ್ತೊಂದು ವರ್ಷ. 1894ರಲ್ಲಿ ನಿಘಂಟು ಮುಗಿಸುವ ಹೊತ್ತಿಗೆ ಎಪ್ಪತ್ತು ಸಾವಿರ ಪದ. ನನಗೂ ಆಗ ಇಪ್ಪತ್ತೊಂದೇ. ಎಪ್ಪತ್ತು ಸಾವಿರ ಹೋಗಲಿ, ಒಂದೇ ಒಂದು ಪದ ನೆಟ್ಟಗೆ ಬಳಸಲು ಬರದೆ ವಾರ್ಡನ್ ಕೈಗೆ ಸಿಕ್ಕಿಬಿದ್ದ ಕತೆ ಹೇಳಿಕೊಂಡೆ.

ಅಜ್ಜ ಚೂಡಾ ನೆತ್ತಿಗೇರುವಂತೆ ನಕ್ಕರು. "ಅನ್ಯೋನ್ಯತೆ ಅಂದ್ರ ತಪ್ಪೇನಿಲ್ಲ, ಮಂದಿ ಕಿವಿಗೆ ಬ್ಯಾರೆ ಕೇಳತೈತಿ. ಸಂಸ್ಕೃತದ ಗೊಡವಿ ಯಾಕ? ಅಚ್ಚಗನ್ನಡದಾಗ 'ಕೂಟ' ಅನ್ರಿ." ಅಂದು ಮತ್ತೊಮ್ಮೆ ನಕ್ಕರು. ಎರಡನೆಯ ಸಲ ಯಾಕೆ ನಕ್ಕರು ಅನ್ನುವುದನ್ನು ನಾನು ಆವತ್ತು ಯೋಚಿಸಲಿಲ್ಲ.

ಜನವರಿಯಲ್ಲಿ ಹೊಸ ಹಾಳೆ ತಯಾರಾಯಿತು. ಈ ಸಲ ಮೊದಲೇ ವಾರ್ಡನ್ ಸಾಹೇಬರ ಬಳಿಗೆ ಒಯ್ದೆ. "ಯುವಕ ಯುವತಿಯರ ಕೂಟ. ಪ್ರತಿ ಶುಕ್ರವಾರ." ಸಾಹೇಬರು ಓದಿದರು. ಏನೂ ಅನ್ನದೆ ಎದ್ದು ಕಪಾಟಿನಿಂದ ಇಟ್ಟಿಗೆಯಂಥ ಒಂದು ಪುಸ್ತಕ ಎಳೆದರು. ಕಿಟೆಲ್. ಬೆರಳಿಗೆ ಎಂಜಲು ಹಚ್ಚಿ ಪುಟ ತಿರುವಿ, 'ಕೂಟ' ಅನ್ನುವಲ್ಲಿ ನಿಲ್ಲಿಸಿದರು.

"ಸೇರೋದು, ಸಭಾ, ಗುಂಪು, ಇಲ್ಲೀತನಕ ಬರೋಬ್ಬರಿ ಅದ. ಮುಂದಿಂದು ನೀನ ಓದಕೊ."

ಓದಿಕೊಂಡೆ. ಕಿವಿಯ ತುದಿ ಬಿಸಿಯಾಯಿತು. ಅನ್ಯೋನ್ಯತೆ ಬರೀ ಸೂಚನೆ ಕೊಟ್ಟು ಬಿಟ್ಟಿದ್ದನ್ನು ಇದು ಮುಚ್ಚುಮರೆಯಿಲ್ಲದೆ ಹೇಳುತ್ತಿತ್ತು.

"ಯಾರು ಹೇಳಿದ್ರು ಈ ಶಬ್ದ?"

ಆಕಾಶಬುಟ್ಟಿಯ ಮನೆಯ ಗುರುತು ಹೇಳಿದೆ. ಸಾಹೇಬರ ಮುಖ ಅರಳಿತು. "ಅವರs? ಅವರ ಕೈಯಾಗ ನಾನೂ ಕಲ್ತೀನಿ. ಮಾಸ್ತರು ಇನ್ನೂ ಸುಧಾರಿಸಿಲ್ಲ."

ಆಮೇಲೆ ಅವರೇ ಪೆನ್ನು ತೆಗೆದು ಮೊದಲ ಸಾಲನ್ನು ಪೂರ್ತಿ ಹೊಡೆದು ಹಾಕಿದರು. ಏನು ನಡೆಯುತ್ತದೆ ಅಷ್ಟೇ ಬರಿ, ಅದಕ್ಕೆ ಹೆಸರಿಡಲು ಹೋಗಬೇಡ ಅಂದರು. ಕೊನೆಗೆ ಅವರ ಸಹಿಯೊಂದಿಗೆ ಮೆಸ್ಸಿನ ಗೋಡೆ ಹತ್ತಿದ ಹಾಳೆಯಲ್ಲಿ ಉಳಿದದ್ದು ಇಷ್ಟು: "ಶುಕ್ರವಾರ ಸಂಜೆ 6ಕ್ಕೆ. ಸಪ್ತಾಪುರ. ಹಾಡು, ಪ್ರಾರ್ಥನೆ, ಮಿರ್ಚಿ, ಚಹಾ."

ಆ ಶುಕ್ರವಾರ ನಲವತ್ತೊಂದು ಮಂದಿ ಬಂದರು. ಹಾಲು ತುಂಬಿ, ವರಾಂಡ ತುಂಬಿ, ಚಪ್ಪಲಿಗಳು ಗೇಟಿನವರೆಗೆ ಹೋದವು. ಲೇಡೀಸ್ ಹಾಸ್ಟೆಲ್ಲಿನಿಂದ ಬಂದ ಮೂವರಲ್ಲಿ ಒಬ್ಬಳು ನಾಲ್ಕು ಮಡಿಕೆ ಮಾಡಿದ ಹಳದಿ ಹಾಳೆಯನ್ನು ಬಿಚ್ಚಿ, "ಇದ ಅಲ್ಲೇನ್ರಿ ಅದು?" ಅಂತ ಎಲ್ಲರೆದುರೇ ಕೇಳಿದಳು. ಆಂಟಿ ಕರಿದದ್ದು ಇಪ್ಪತ್ತೈದು ಮಿರ್ಚಿ. ಅಡುಗೆಮನೆಗೂ ಹಾಲಿಗೂ ಎರಡು ಸಲ ಓಡಾಡಿ ಎಣಿಸಿ ಬಂದ ರೂಮ್‌ಮೇಟು, ಪ್ರಾರ್ಥನೆಗೆ ಎದ್ದು ನಿಂತಿದ್ದ ಅಂಕಲ್ಲಿನ ಶರ್ಟು ಹಿಡಿದು ಜಗ್ಗಿದ.

"ಅಂಕಲ್, ಇವತ್ತ ದಿಲ್ಲೀತನಕ ಹೋಗಬ್ಯಾಡ್ರಿ. ಹುಬ್ಬಳ್ಳ್ಯಾಗ ಇಳಿದುಬಿಡ್ರಿ."