ಗಾಂಧಿನಗರದ ಜೊತೆ ಠೂ

ಕಳೆದ ಭಾನುವಾರ ಮಾಲ್‌ನಲ್ಲಿ ಟಿಕೆಟ್ ಕೌಂಟರ್ ಪಕ್ಕದ ಪೋಸ್ಟರ್‌ಗಳನ್ನು ನೋಡುತ್ತಾ ನಿಂತಿದ್ದ ಅಮ್ಮ ಕೇಳಿದಳು, "ಇದೇನೋ, ಸಿನಿಮಾಗಳಿಗೂ ಬಸ್ಸಿನ ಥರ ನಂಬರ್ ಹಾಕಿದ್ದಾರೆ?"

ನನಗೆ ಉತ್ತರ ಹೊಳೆಯಲಿಲ್ಲ. ಯೋಚನೆ ಮಾಡಿದರೆ ಬಸ್ಸಿನವರೇ ವಾಸಿ. ನಂಬರ್ ನೋಡಿ ಹತ್ತಿದರೆ ಒಂದು ಗಂಟೆ ತಡವಾದರೂ ಹೇಳಿದ ಜಾಗಕ್ಕೆ ಹೋಗುತ್ತದೆ. ಸಿನಿಮಾದ 2 ಅನ್ನೋದು ಎಲ್ಲಿಗೆ ಹೋಗುತ್ತದೆ ಅಂತ ಡ್ರೈವರ್‌ಗೂ ಗೊತ್ತಿರುವುದಿಲ್ಲ.

ನಾವು ಹೋಗಿದ್ದೂ ಅಂಥದ್ದೇ ಒಂದಕ್ಕೆ. ಹೆಸರು ಬೇಡ ಬಿಡಿ. ಮನೆಮಂದಿಯೆಲ್ಲ ಕೂತು ನಗಬಹುದಾದ ಸಿನಿಮಾ, ಅದರ ಎರಡನೇ ಭಾಗ. ಮೊದಲನೇದಕ್ಕೆ ನಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದೆ. ಮಗ ಬೇರೆ ಶನಿವಾರ ರಾತ್ರಿಯೇ ತಾಕೀತು ಮಾಡಿದ್ದ, ಪಾರ್ಟ್ ಒನ್ ನೋಡದೆ ಹೋದರೆ ಅಜ್ಜಿಗೆ ಏನೂ ಅರ್ಥ ಆಗಲ್ಲ ಅಂತ. ಹಾಗಾಗಿ ಅಮ್ಮನನ್ನು ಟಿವಿ ಮುಂದೆ ಕೂರಿಸಿ, ನಡುನಡುವೆ ನಿಲ್ಲಿಸಿ, ಇವನು ಅವನ ಭಾವ, ಆ ದಪ್ಪಗಿರುವವನು ಓನರ್, ಇವಳು ಸುಳ್ಳು ಹೇಳುತ್ತಿದ್ದಾಳೆ ಅಂತೆಲ್ಲ ಪಾಠ ಮಾಡಿದ್ದೆವು. ಅಮ್ಮ ಪಾಪ ಶ್ರದ್ಧೆಯಿಂದ ಎಲ್ಲ ನೆನಪಿಟ್ಟುಕೊಂಡಿದ್ದಳು. ಮಾರನೇ ದಿನ ನೋಡಿದರೆ ಭಾವನೂ ಇಲ್ಲ, ಓನರೂ ಇಲ್ಲ, ಊರೇ ಬೇರೆ. ಹೀರೋ ಅದೇ, ಆದರೆ ಅವನ ಹೆಸರು ಬೇರೆ. ಕನ್ನಡಕ್ಕೆ ಓದಿಕೊಂಡು ಹೋದರೆ ಗಣಿತದ ಪ್ರಶ್ನೆಪತ್ರಿಕೆ ಕೈಗಿಟ್ಟ ಹಾಗಾಯಿತು.

"ಆ ದಪ್ಪಗಿರೋನು ಯಾವಾಗ ಬರ್ತಾನೆ?" ಅಂತ ಅಮ್ಮ ಮೂರು ಸಲ ಕೇಳಿದಳು. ಮುಂದಿನ ಸೀಟಿನವರು ಒಂದು ಸಲ ತಿರುಗಿ ನೋಡಿದರು.

ನಮ್ಮ ಗಾಂಧಿನಗರದ ಮಿತವ್ಯಯವನ್ನು ಮೆಚ್ಚಬೇಕು. ಹೊಸ ಹೆಸರು ಹುಡುಕಬೇಕು ಅಂದರೆ ತಲೆ ಖರ್ಚಾಗುತ್ತದೆ. ಹಳೇ ಹೆಸರಿನ ಪಕ್ಕ ಒಂದು ಅಂಕಿ ಬರೆಯುವುದಕ್ಕೆ ಅರ್ಧ ಚಮಚ ಬಣ್ಣ ಸಾಕು. 'ಮುಂಗಾರು ಮಳೆ' 2006ರಲ್ಲಿ ಸುರಿಯಿತು, 2016ರಲ್ಲಿ 'ಮುಂಗಾರು ಮಳೆ 2' ಬಂತು. ಹೊಸ ಕಥೆ, ನಿರ್ದೇಶಕರೂ ಬೇರೆ. 2012ರ 'ರಾಂಬೋ'ಗೆ 2018ರಲ್ಲಿ 'ರಾಂಬೋ 2', ಅದಕ್ಕೂ ಹೊಸ ಕಥೆ. 'ಗಾಳಿಪಟ' 2008ರಲ್ಲಿ ಹಾರಿತು, 'ಗಾಳಿಪಟ 2' ಬಂದಿದ್ದು 2022ರಲ್ಲಿ. ಗಣೇಶ್, ದಿಗಂತ್ ಇದ್ದರು, ರಾಜೇಶ್ ಕೃಷ್ಣನ್ ಜಾಗದಲ್ಲಿ ಪವನ್ ಕುಮಾರ್ ಬಂದಿದ್ದರು, ಕಥೆ ಇಲ್ಲೂ ಹೊಸದೇ. ಮನೆ ಮಾರಿದ ಮೇಲೂ ಹಳೇ ಓನರ್ ಹೆಸರಿನ ಬೋರ್ಡು ಗೇಟಿನ ಮೇಲೆ ಉಳಿದಿರುತ್ತದಲ್ಲ, ಹಾಗೆ. ಕಾಲಿಂಗ್ ಬೆಲ್ ಒತ್ತಿ ರಾಯರಿದ್ದಾರಾ ಅಂತ ಕೇಳಿದರೆ ಯಾರೋ ಲುಂಗಿ ಉಟ್ಟವರು ಬಂದು ಯಾವ ರಾಯರು ಅಂತಾರೆ.

ಸುಳ್ಳು ಹೇಳಬಾರದು, ಗಾಳಿಪಟದ ಎರಡನೇದರಲ್ಲಿ ಕನ್ನಡ ಮೇಷ್ಟ್ರಾಗಿ ಅನಂತ್ ನಾಗ್ ಬಂದ ಕಡೆಯೆಲ್ಲ ನಾನು ಖುಷಿಪಟ್ಟಿದ್ದೇನೆ. ಆದರೆ ಮೊದಲನೇ ಗಾಳಿಪಟ ನೋಡುವಾಗ ಹೆಂಡತಿಯ ಹೊಟ್ಟೆಯಲ್ಲಿದ್ದ ಮಗನಿಗೆ ಎರಡನೇದಕ್ಕೆ ಫುಲ್ ಟಿಕೆಟ್ ತೆಗೆಸಿದೆ. ಪಾತ್ರಗಳಿಗೆ ಮಾತ್ರ ವಯಸ್ಸಾಗಿರಲಿಲ್ಲ.

ಅನಂತ್ ನಾಗ್ ಅಂದ ತಕ್ಷಣ ಮಾತು ಎಲ್ಲಿಗೆ ಹೋಗುತ್ತದೆ ಅಂತ ನಿಮಗೂ ಗೊತ್ತು. 1990ರಲ್ಲಿ 'ಗಣೇಶನ ಮದುವೆ', 1991ರಲ್ಲಿ 'ಗೌರಿ ಗಣೇಶ', 1992ರಲ್ಲಿ 'ಗಣೇಶ ಸುಬ್ರಹ್ಮಣ್ಯ'. ಮೂರರಲ್ಲೂ ಅವರೇ ಹೀರೋ, ಮೂರೂ ಫಣಿ ರಾಮಚಂದ್ರ ನಿರ್ದೇಶಿಸಿದ್ದು. ವರ್ಷಕ್ಕೊಂದು, ಹಬ್ಬ ಬಂದ ಹಾಗೆ. ಅವೂ ಬೇರೆ ಬೇರೆ ಕಥೆಗಳೇ, ಹೆಸರಿನಲ್ಲಿ ಗಣೇಶನನ್ನು ಬಿಟ್ಟರೆ ಒಂದಕ್ಕೊಂದು ಸಂಬಂಧ ಇಲ್ಲ. ಆದರೆ ಯಾರೂ ಇದು ಹಿಂದಿನದರ ಮುಂದಿನ ಕಂತು ಅಂತ ನಮ್ಮನ್ನು ಕರೆದು ಕೂರಿಸಲಿಲ್ಲ. ಆಗ 2 ಅಂತ ಬರೆಯದೆ ಎರಡನೇದು ಕೊಡುತ್ತಿದ್ದರು, ಈಗ ಎರಡನೇದು ಕೊಡದೆ 2 ಅಂತ ಬರೆಯುತ್ತಾರೆ.

ನಂಬರ್ ಹಾಕುವ ಚಟ ಆಗಲೂ ಇತ್ತು, ಇಲ್ಲ ಅನ್ನಲ್ಲ. ಅದೇ ಅನಂತ್ ನಾಗ್ ಅವರ 'ಗೋಲ್ಮಾಲ್ ರಾಧಾಕೃಷ್ಣ' 1990ರಲ್ಲಿ ಬಂದು, ಮರುವರ್ಷವೇ 'ಗೋಲ್ಮಾಲ್ ಭಾಗ 2' ಬಂತು. ಒಂದು ವರ್ಷ ಅಷ್ಟೇ. ಸಾರು ತಣ್ಣಗಾಗುವ ಮೊದಲೇ ಎರಡನೇ ಸಲ ಬಡಿಸಿದರು. ಇನ್ನೂ ಹಿಂದೆ ಹೋದರೆ ರಾಜ್‌ಕುಮಾರ್ 1968ರಲ್ಲೇ ಸಿಐಡಿ 999 ಆಗಿದ್ದರು. ಅವರು ಒಂದು ಎರಡು ಅಂತ ಎಣಿಸುತ್ತಾ ಕೂರದೆ ಸೀದಾ 999ಕ್ಕೆ ಹೋಗಿ ನಿಂತರು.

ನನ್ನ ಪ್ರಕಾರ ಈ ವಿಷಯದಲ್ಲಿ ಅತ್ಯಂತ ಪ್ರಾಮಾಣಿಕರು ಅಂದರೆ ರಾಜೇಂದ್ರ ಸಿಂಗ್ ಬಾಬು. 2001ರಲ್ಲಿ 'ಕುರಿಗಳು ಸಾರ್ ಕುರಿಗಳು' ಮಾಡಿದರು. ಹೆಸರು ನಿಸಾರ್ ಅಹಮದ್ ಅವರ ಪದ್ಯದ್ದು. ಅದೇ ವರ್ಷ 'ಕೋತಿಗಳು ಸಾರ್ ಕೋತಿಗಳು'. 2003ಕ್ಕೆ 'ಕತ್ತೆಗಳು ಸಾರ್ ಕತ್ತೆಗಳು'. ನಂಬರ್ ಬದಲು ಪ್ರಾಣಿ! ಮೊದಲ ಸಲ ನಂಬಿ ಬಂದವನು ಯಾವ ಪ್ರಾಣಿ, ಮೂರನೇ ಸಲವೂ ಬಂದವನು ಯಾವ ಪ್ರಾಣಿ ಅಂತ ಪೋಸ್ಟರ್‌ನಲ್ಲೇ ಬರೆದುಬಿಟ್ಟರು. ಇದನ್ನು ಕಾನೂನು ಮಾಡಬೇಕು ಅಂತ ನನ್ನ ಆಸೆ.

'ಗಣೇಶನ ಮದುವೆ 2' ಯಾಕೆ ಮಾಡಬಾರದು ಅಂತ ಮೊನ್ನೆ ಕಾಫಿ ಕುಡಿಯುವಾಗ ಸ್ನೇಹಿತನೊಬ್ಬ ಕೇಳಿದ. ಮಾಡಿದರೆ ಅದು ಆರನೇ ನಿಮಿಷಕ್ಕೆ ಮುಗಿಯುತ್ತದೆ. ಆ ಕಥೆ ನಿಂತಿರುವುದೇ ಒಂದೇ ವಠಾರದಲ್ಲಿದ್ದು ಎದುರಿಗೆ ಸಿಕ್ಕಾಗ ಕಿತ್ತಾಡುವ ಇಬ್ಬರು, ಒಬ್ಬರಿಗೊಬ್ಬರು ಯಾರು ಅಂತ ಗೊತ್ತಿಲ್ಲದೆ ಪ್ರೀತಿಸುತ್ತಾರೆ ಅನ್ನುವುದರ ಮೇಲೆ. ಈಗ ಟ್ರೂಕಾಲರ್ ಇದೆ. ವಠಾರವಂತೂ ಇಲ್ಲವೇ ಇಲ್ಲ. ನಾನು ಹುಟ್ಟಿ ಬೆಳೆದ ವಠಾರದಲ್ಲಿ ಏಳು ಮನೆ, ಒಂದು ನಲ್ಲಿ. ಓನರ್ ಬೆಳಿಗ್ಗೆ ಬನಿಯನ್ ಹಾಕಿಕೊಂಡು ನಲ್ಲಿ ಪಕ್ಕ ಕುರ್ಚಿ ಹಾಕಿ ಕೂತು, ಯಾರು ಎಷ್ಟು ಕೊಡ ಹಿಡಿದರು ಅಂತ ಸುಣ್ಣದ ಗೋಡೆ ಮೇಲೆ ಇದ್ದಿಲಲ್ಲಿ ಗೀಟು ಎಳೆಯುತ್ತಿದ್ದರು. ನಮ್ಮ ಮನೆಗೆ ನೆಂಟರು ಬಂದ ದಿನ ಅಮ್ಮ ಅವರ ಚಪ್ಪಲಿಗಳನ್ನು ಒಳಗೆ, ಅಕ್ಕಿ ಡಬ್ಬದ ಹಿಂದೆ ಬಚ್ಚಿಡುತ್ತಿದ್ದಳು. ಚಪ್ಪಲಿ ಲೆಕ್ಕ ಹಾಕಿದರೆ ಕೊಡದ ಲೆಕ್ಕ ಗೊತ್ತಾಗುತ್ತದಲ್ಲ! ಓನರ್‌ಗೆ ಅದೂ ಗೊತ್ತಿತ್ತು. ಸಂಜೆ ಬಂದು, "ಏನಮ್ಮ, ಅಕ್ಕಿ ಚೆನ್ನಾಗಿದ್ಯಾ?" ಅಂತ ಕೇಳಿ ಹೋಗುತ್ತಿದ್ದರು.

ಹಾಗಂತ ಈಗ ನಗುವುದಕ್ಕೆ ಸರಕಿಲ್ಲ ಅಂತಲ್ಲ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಾಯಿಯನ್ನು ಯಾವ ಲಿಫ್ಟಿನಲ್ಲಿ ಕರೆದುಕೊಂಡು ಹೋಗಬೇಕು ಅಂತ ಹೋದ ತಿಂಗಳು ಎರಡೂವರೆ ಗಂಟೆ ಸಭೆ ನಡೆಯಿತು. ಅಧ್ಯಕ್ಷರು ರಾಜೀನಾಮೆ ಕೊಟ್ಟರು. ನಾಯಿ ಸಾಕಿದವರು ತಮ್ಮ ನಾಯಿಯನ್ನು ಮಗು ಅಂದರು, ಮಗು ಇದ್ದವರು ಸಿಟ್ಟಾದರು, ಇದೆಲ್ಲ ನಡೆಯುವಾಗ ನೀರಿನ ಟ್ಯಾಂಕರ್‌ನವನು ಬಂದು ಸಹಿ ಹಾಕುವವರು ಯಾರೂ ಇಲ್ಲ ಅಂತ ನೀರು ಬಿಡದೆ ಹೊರಟುಹೋದ. ಒಂದು ರೂಪಾಯಿ ಕೊಡದೆ ಸಿಗುವ ಕಥೆ ಇದು. ಗಾಂಧಿನಗರದಿಂದ ಒಬ್ಬನಾದರೂ ಬಂದು ಹಿಂದಿನ ಕುರ್ಚಿಯಲ್ಲಿ ಕೂರಬಹುದಿತ್ತು.

ಅಂದಹಾಗೆ, ಮೊದಲನೇ ಭಾಗಕ್ಕೆ ನಿಜಕ್ಕೂ ನಿಷ್ಠವಾಗಿ ಬಂದ ಭಾಗ 2 ಒಂದಿದೆ, ಅದು ಸಿನಿಮಾ ಅಲ್ಲ, ಸಿನಿಮಾ ಟಿಕೆಟ್ಟಿನದು. 2017ರಲ್ಲಿ ಸರ್ಕಾರ ಟಿಕೆಟ್ ದರ 200 ರೂಪಾಯಿ ದಾಟಬಾರದು ಅಂತ ಆದೇಶ ಮಾಡಿತು. ಮಲ್ಟಿಪ್ಲೆಕ್ಸ್‌ನವರು ಕೋರ್ಟಿಗೆ ಹೋದರು, ಆದೇಶ ಉಳಿಯಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಮತ್ತೆ ಅದೇ 200ರ ಮಿತಿ ಬಂತು. ಮಲ್ಟಿಪ್ಲೆಕ್ಸ್‌ನವರು ಮತ್ತೆ ಕೋರ್ಟಿಗೆ ಹೋದರು, ಅದೇ ತಿಂಗಳಲ್ಲಿ ಹೈಕೋರ್ಟ್ ತಡೆ ಕೊಟ್ಟಿತು. ಹೀರೋ ಅದೇ, ಎರಡೂ ಸಲ ಮುಖ್ಯಮಂತ್ರಿ ಸಿದ್ದರಾಮಯ್ಯನವರೇ. ಸಂಭಾಷಣೆ ಅದೇ, ಇಂಟರ್ವಲ್ ಅದೇ, ಕ್ಲೈಮ್ಯಾಕ್ಸ್ ಅದೇ. ಎಂಟು ವರ್ಷ ಆದರೂ ಮೂಲ ಕಥೆಗೆ ಒಂಚೂರು ಧಕ್ಕೆ ತಂದಿಲ್ಲ. ನಮ್ಮ ನಿರ್ದೇಶಕರು ವಿಧಾನಸೌಧಕ್ಕೆ ಹೋಗಿ ಕಲಿಯಬೇಕು.

ಚಿಕ್ಕವರಿದ್ದಾಗ ನಾವು ಜಗಳ ಆದರೆ ಕಿರುಬೆರಳು ತೋರಿಸಿ ಠೂ ಬಿಡುತ್ತಿದ್ದೆವಲ್ಲ, ನನಗೇಕೋ ಈಗ ಪೋಸ್ಟರ್ ಮೇಲಿನ ಟೂ ಕೂಡ ಹಾಗೇ ಕೇಳಿಸುತ್ತದೆ. ನಿನ್ನ ಜೊತೆ ಮಾತಿಲ್ಲ, ದುಡ್ಡು ಮಾತ್ರ ಕೊಡು.

ಇಷ್ಟು ಹೊತ್ತು ತಮಾಷೆ ಮಾಡಿದೆ. ನನಗೆ ನಿಜವಾಗಿ ಸಿಟ್ಟು ಬರುವುದು ಬೇರೆ ಕಡೆ. ಶನಿವಾರ ಅಮ್ಮನ ಪಾಠ ಮುಗಿದ ಮೇಲೆ, ಸುಮ್ನೆ 'ಗೌರಿ ಗಣೇಶ' ಹಾಕೋಣ ಅಂತ ಯೂಟ್ಯೂಬ್ ತೆಗೆದೆ. ಬಣ್ಣ ಮಾಸಿದೆ. ಬಾಲನಟ ಮಾಸ್ಟರ್ ಆನಂದ್ ಮುಖ ಬಿಳುಚಿಕೊಂಡು ಬಲ್ಬಿನ ಥರ ಕಾಣುತ್ತದೆ. ಮಾತಿನ ಹಿಂದೆ ಎಣ್ಣೆಯಲ್ಲಿ ಸಾಸಿವೆ ಸಿಡಿದ ಸದ್ದು, ಮೂಲೆಯಲ್ಲಿ ಚಾನೆಲ್‌ನ ಲೋಗೋ. ಎಷ್ಟು ಜನ ಆ ಹೆಸರುಗಳಿಂದ ಬದುಕಿದ್ದಾರೆ, ಎಷ್ಟು ಜನ ಆ ನಗುವಿನ ಸಾಲದಲ್ಲಿದ್ದಾರೆ. ಎರಡನೇ ಭಾಗದ ಒಂದು ಹಾಡಿಗೆ ವಿದೇಶಕ್ಕೆ ಹೋಗಿ ಬರುತ್ತಾರೆ. ಒಂದನೇ ಭಾಗದ ಪ್ರಿಂಟ್ ತೊಳೆದು ಸರಿ ಮಾಡಿಸುವುದಕ್ಕೆ ಯಾರ ಹತ್ತಿರವೂ ದುಡ್ಡಿಲ್ಲ. ಹೆಸರು ಬೇಕು, ಸಿನಿಮಾ ಬೇಡ. ಅಪ್ಪನ ಹೆಸರಲ್ಲಿ ಹೋಟೆಲ್ ತೆಗೆದು, ಅಪ್ಪನ ಫೋಟೋ ಗೆದ್ದಲು ತಿಂದರೂ ತಿರುಗಿ ನೋಡದವರ ಹಾಗೆ. ಸಾಕಾಗಿದೆ ನನಗೆ. ನೂರಿನ್ನೂರು ಸಲ ಹೇಳಿ ಆಯಿತು, ನನ್ನ ಗಂಟಲಿನ ಪ್ರಿಂಟೂ ಹೋಯಿತು.

ಆದರೂ ಅಮ್ಮ ಆ ಮಾಸಿದ ಪ್ರಿಂಟಿಗೇ, ಡೈಲಾಗ್ ಬರುವ ಮೊದಲೇ ನಗುತ್ತಿದ್ದಳು.

ಭಾನುವಾರದ ಸಿನಿಮಾಕ್ಕೆ ವಾಪಸ್ ಬರುತ್ತೇನೆ. ಗಂಡಸರು ಸೀರೆ ಉಟ್ಟುಕೊಂಡು ಓಡಾಡಿದರು, ತೊದಲುವವನೊಬ್ಬ ಎರಡು ಗಂಟೆ ತೊದಲಿದ, ನಡುವೆ ಮೊದಲನೇ ಭಾಗದ ಹಾಡಿನ ನಾಲ್ಕು ಸೆಕೆಂಡ್ ಟ್ಯೂನ್ ಬಿಟ್ಟು ಶಿಳ್ಳೆ ಗಿಟ್ಟಿಸಿದರು. ನಾನು ಪಾಪ್‌ಕಾರ್ನ್ ತಳದಲ್ಲಿ ಅರಳದೆ ಉಳಿದ ಕಾಳುಗಳನ್ನು ಎಣಿಸಿದೆ, ಮೂವತ್ತೊಂದು. ಕೊನೆಗೆ ಹೀರೋ ಬಾಗಿಲು ತೆಗೆದ, ಹೊರಗೆ ಇನ್ನೊಬ್ಬ ಹೀರೋ ನಿಂತಿದ್ದ, ಪರದೆ ಕಪ್ಪಾಯಿತು, ದೊಡ್ಡದಾಗಿ 3 ಅಂತ ಬಂತು. ಲೈಟ್ ಹಾಕಿದರು.

ಆಗ ಅಮ್ಮನಿಗೆ ಎಚ್ಚರವಾಯಿತು. ಕನ್ನಡಕ ಸರಿ ಮಾಡಿಕೊಂಡು ಸುತ್ತ ನೋಡಿ ಕೇಳಿದಳು, "ಇಂಟರ್ವಲ್ಲಾ?"

"ಹೌದಮ್ಮ," ಅಂದೆ. "ಎರಡ್ಮೂರು ವರ್ಷದ್ದು. ಅಷ್ಟರಲ್ಲಿ ಮನೆಗೆ ಹೋಗಿ ಊಟ ಮಾಡ್ಕೊಂಡು ಬರೋಣ ನಡಿ."