ಸತ್ಯಾಂಶ: ಕಾಡಿನ ತೊರೆ ನೀರನ್ನೂ ಕುದಿಸಲೇಬೇಕು

"ಕೊಡಗಿನ ಕಾಡಿನ ತೊರೆ ನೀರು ಬೇರುಗಳಲ್ಲಿ ಸೋಸಿ ಬರುತ್ತದೆ, ಕುದಿಸಿದರೆ ಔಷಧಿ ಗುಣ ಹಾಳು" ಎಂಬ ಸಂದೇಶ ಹರಿದಾಡುತ್ತಿದೆ. ಇದರಲ್ಲಿ ಅರ್ಧ ಮಾತ್ರ ನಿಜ. ತಲಕಾವೇರಿ, ಬ್ರಹ್ಮಗಿರಿ, ಪುಷ್ಪಗಿರಿ ಅಭಯಾರಣ್ಯಗಳ ತರಗೆಲೆ ಹೊದ್ದ ಮಣ್ಣು ಮಳೆ ಹೀರಿ ನಿಧಾನವಾಗಿ ಬಿಡುತ್ತದೆ, ಕೆಸರು ತಡೆಯುತ್ತದೆ. ಆ ಕಾಡು ಉಳಿಯಲೇಬೇಕು. ಆದರೆ ಆನೆ, ಕಾಡುಹಂದಿ, ಇಲಿಗಳ ಮಲಮೂತ್ರವೂ ತೊರೆಗೇ ಸೇರುತ್ತದೆ. ಇಲಿಜ್ವರದ ರೋಗಾಣು ತಿಳಿನೀರಿನಲ್ಲೂ ಇರಬಹುದು.

ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿ ಬಂದ ಮೇಲೆ 1 ನಿಮಿಷ ಬಿಡಿ, ಮುಚ್ಚಿಟ್ಟೇ ಆರಲಿ. ತೊಟ್ಟಿಗಾದರೆ 1,000 ಲೀಟರಿಗೆ 2.5 ಗ್ರಾಂ ಹೊಸ ಬ್ಲೀಚಿಂಗ್ ಪುಡಿಯನ್ನು ಬಕೆಟ್ ನೀರಿನಲ್ಲಿ ಕದಡಿ, ಮೇಲಿನ ತಿಳಿಯನ್ನಷ್ಟೇ ತೊಟ್ಟಿಗೆ ಸುರಿದು 1 ಗಂಟೆ ಕಾಯಿರಿ. ಮಳೆಗಾಲದ ಕೆಂಪು ನೀರಿಗೆ ಇದು ಸಾಲದು, ಕ್ಲೋರಿನ್ ಕೆಸರಿಗೇ ಖರ್ಚಾಗುತ್ತದೆ. ಮೊದಲು ಕೆಸರು ತಳಕ್ಕಿಳಿಯಲಿ. ಕಾಫಿ ತೋಟ ದಾಟಿ ಬರುವ ತೊರೆಯ ಮಾತೇ ಬೇರೆ: ಕುದಿಸಿದರೆ ಕೀಟನಾಶಕ ಹೋಗುವುದಿಲ್ಲ.